ಕಾಮಣ್ಣನ ಪಾಲು

ಶಾಲೆಯಲ್ಲಿ ಇಕೋ ಕ್ಲಬ್ ಆರಂಭಿಸಿ ಎಂದು ಮೇಲಿನಿಂದ ಆದೇಶ ಬಂದದ್ದು ಸಂಕ್ರಾಂತಿ ಮುಗಿದ ಮೇಲೆ. ಎಂಥ ಮಾತು ನೋಡಿ! ಮಳೆಗಾಲವಿಡೀ ಸುಮ್ಮನೆ ಕೂತವರಿಗೆ ಬಿಸಿಲು ಏರುವ ಹೊತ್ತಿಗೆ ಸಸಿ ನೆಡುವ ನೆನಪಾಗಿತ್ತು. ನಾನು ಯರಗಟ್ಟಿಯ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಬಂದು ಆಗಿನ್ನೂ ಆರು ತಿಂಗಳಾಗಿತ್ತು. ಹೊಸಬರೆಂದರೆ ಎಲ್ಲರಿಗೂ ಸದರ. ಹೆಡ್‌ಮಾಸ್ತರ ಕೃಷ್ಣಾಜಿ ಸರ್ ಆದೇಶವನ್ನು ನನ್ನ ಕೈಗಿಟ್ಟು ತಾವು ಕೈತೊಳೆದುಕೊಂಡರು.

“ವರದಾ ಬಾಯಾರ, ಇದನ್ನ ನೀವ ನೋಡ್ಕೋರಿ. ಮಾರ್ಚ್ ಮುಗಿಯೂದ್ರಾಗ ಏನರ ಮಾಡಿ ತೋರಿಸಬೇಕಂತ.”

“ಏನ್ ಮಾಡಬೇಕ್ರಿ ಸರ್?”

“ಪರಿಸರ ಮಾಡ್ರಿ.”

ಪರಿಸರ ಮಾಡುವುದು ಹೇಗೆಂದು ಅವರಿಗೂ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತೇ ಎಂದು ನನ್ನನ್ನು ಕೇಳಬೇಡಿ, ಸಿಟ್ಟು ಬರುತ್ತದೆ.

ಊರಿನವರದು ಇನ್ನೊಂದು ಫಜೀತಿ. ನಮ್ಮ ಕಡೆ ಕ್ಲಬ್ಬು ಎಂದರೆ ಇಸ್ಪೀಟು ಆಡುವ ಜಾಗ. ನಾನು ಬಾಡಿಗೆಗಿದ್ದ ಓಣಿಯ ಹಿರಿಯ ದುಂಡಪ್ಪ ಕಾಕಾ ದಾರಿಯಲ್ಲೇ ತಡೆದು ನಿಲ್ಲಿಸಿದರು. “ಅಲ್ರಿ ಬಾಯಾರ, ಕಿತ್ತೂರ ಶಾಸ್ತ್ರಿಗಳ ಮನಿ ಮಗಳಾಗಿ ಸಾಲ್ಯಾಗ ಕ್ಲಬ್ ತೆಗೀತೀರಂತ, ಖರೇನ?” ಅವತ್ತೇ ಅದಕ್ಕೆ ಪರಿಸರ ಸಂಘ ಎಂದು ಹೆಸರು ಬದಲಿಸಿದೆ. ಆಮೇಲೆ ಇಪ್ಪತ್ತು ಮಕ್ಕಳು ಸೇರಿದರು. ಕೃಷ್ಣಾಜಿ ಸರ್ ಅವರ ಮಗ ಅನಿಕೇತ ಬಂದದ್ದು ಅಪ್ಪನ ಭಯಕ್ಕೆ. ಮನಸ್ಸಿಟ್ಟು ಬಂದವಳು ಒಬ್ಬಳೇ, ನನ್ನ ಎದುರು ಮನೆಯ ಬಡಿಗ ರಸೂಲಸಾಬರ ಕಿರಿಯ ಮಗಳು ನಾಜಿಯಾ. ಇಬ್ಬರೂ ಒಂಬತ್ತನೆಯ ಇಯತ್ತೆ.

ಮೊದಲ ಸಭೆಯಲ್ಲಿ ನಾನು ಮರ ಕಡಿಯುವುದು ಮಹಾಪಾಪ ಎಂದು ಗಂಟಲು ಹರಿಯುವಂತೆ ಹೇಳಿದೆ. ನಾಜಿಯಾ ಎದ್ದು ನಿಂತಳು.

“ಬಾಯಾರ, ನಮ್ಮ ಅಬ್ಬಾ ಬಡಿಗ್ಯಾರು. ದಿನಾ ಕಟ್ಟಿಗಿ ಕೊರೀತಾರ. ಹಂಗಾದ್ರ ನಮ್ಮ ಅಬ್ಬಾ ಪಾಪ ಮಾಡತಾರೇನ್ರಿ?”

ಹುಡುಗರು ಹೋ ಎಂದು ನಕ್ಕರು. ಅವಳು ಮಾತ್ರ ನಗಲಿಲ್ಲ. “ಇಲ್ಲವಾ, ಹಸಿ ಮರಾ ಕಡೀಬಾರದು. ಒಣಗಿದ್ದು ತಗೊಂಡ್ರ ಏನೂ ಪಾಪ ಇಲ್ಲ,” ಎಂದೆ. ಅವಳ ಮುಖ ಅರಳಿತು. ಮಾತು ಚೆನ್ನಾಗಿದೆ ಎನಿಸಿ ನಾನು ಅದನ್ನೇ ಸಂಘದ ಪ್ರತಿಜ್ಞೆ ಮಾಡಿಬಿಟ್ಟೆ. ಹಸಿ ಮರಕ್ಕೆ ಕೊಡಲಿ ಹಾಕುವುದಿಲ್ಲ, ಒಣಗಿದ್ದನ್ನೇ ಬಳಸುತ್ತೇವೆ ಎಂದು ಮಕ್ಕಳು ಕೈ ಮುಂದೆ ಚಾಚಿ ಕೂಗಿದರು.

ಶಾಲೆಯ ಹಿಂದೆ ಇಪ್ಪತ್ತು ಬೇವಿನ ಸಸಿ ನೆಟ್ಟೆವು. ಕಂಪೌಂಡು ಇರಲಿಲ್ಲ, ಆಡುಗಳ ಹಾವಳಿ ಬಹಳ. ಒಂದೊಂದು ಸಸಿಗೂ ನಾಲ್ಕು ಗೂಟ ನೆಟ್ಟು ಸುತ್ತ ಜಾಲಿಮುಳ್ಳು ಬಿಗಿದೆವು. ರಸೂಲಸಾಬರು ಚೂರುಪಾರು ಕಟ್ಟಿಗೆಯಲ್ಲಿ ಇಪ್ಪತ್ತು ಫಲಕ ಮಾಡಿಕೊಟ್ಟರು. ‘ಬೇವು. ಪಾಲಕರು: ಅನಿಕೇತ’, ‘ಬೇವು. ಪಾಲಕರು: ತೌಸೀಫ್’ ಎಂದು ಮಕ್ಕಳು ತಮ್ಮ ತಮ್ಮ ಹೆಸರನ್ನು ಬಣ್ಣದಲ್ಲಿ ಬರೆದು ಗೂಟಕ್ಕೆ ಹೊಡೆದರು. ಫೋಟೋ ತೆಗೆಸಿಕೊಂಡರು. ವಾರ ಕಳೆಯುವುದರೊಳಗೆ ಎಲ್ಲರೂ ಮರೆತರು. ಇಪ್ಪತ್ತಕ್ಕೂ ನೀರು ಹೊತ್ತವಳು ನಾಜಿಯಾ ಒಬ್ಬಳೇ. ರಜೆಯ ದಿನವೂ ಕೊಡ ಎತ್ತಿಕೊಂಡು ಹೊರಟಿದ್ದಳು. ಇವತ್ತಾದರೂ ಸುಮ್ಮನಿರೇ ಎಂದರೆ, “ರವಿವಾರ ಅವಕ್ಕ ನೀರಡಿಕಿ ಆಗೂದಿಲ್ಲೇನ್ರಿ?” ಎಂದು ನನ್ನನ್ನೇ ಕೇಳಿದಳು.

ಅವರ ಮನೆಯಲ್ಲಿ ಆಗ ಇನ್ನೊಂದು ಕಾತರವಿತ್ತು. ರಾಮದುರ್ಗಕ್ಕೆ ಕೊಟ್ಟಿದ್ದ ಹಿರಿಯ ಮಗಳು ಮೆಹೆರಾಜ, ಮದುವೆಯಾಗಿ ವರ್ಷಗಟ್ಟಲೆ ಕಾದ ಮೇಲೆ ಬಸುರಿಯಾಗಿ ತವರಿಗೆ ಬಂದಿದ್ದಳು. ಅಂಗಳದ ಹಳೆಯ ಬೇವಿನ ಮರ ಹಿಂದೊಮ್ಮೆ ಗಾಳಿಗೆ ಉರುಳಿತ್ತು. ಅದನ್ನು ಕೊಯ್ಸಿ ಹಲಗೆ ಮಾಡಿ, ಎರಡು ಬೇಸಿಗೆಯ ಬಿಸಿಲು ಕುಡಿಸಿ, ರಸೂಲಸಾಬರು ಛಪ್ಪರದ ಕೆಳಗೆ ಗೋಡೆಗೆ ಆನಿಸಿಟ್ಟಿದ್ದರು. ಅದರಲ್ಲಿ ಮೊಮ್ಮಗುವಿಗೆ ತೊಟ್ಟಿಲು ಮಾಡಬೇಕು. ಬಂದವರಿಗೆಲ್ಲ ಆ ಹಲಗೆಗಳನ್ನು ತಟ್ಟಿ ಸಪ್ಪಳ ಕೇಳಿಸುತ್ತಿದ್ದರು. ನನಗೂ ಕೇಳಿಸಿದ್ದರು. “ನಮ್ಮ ಅಮ್ಮಾ ಹಚ್ಚಿದ ಗಿಡ ಇದು ಬಾಯಾರ. ಈ ಇಬ್ರೂ ಹುಡಿಗ್ಯಾರನ್ನ ಇದರ ಟೊಂಗಿಗೇ ಸೀರಿ ಕಟ್ಟಿ ತೂಗೇವಿ.”

ಅಷ್ಟರಲ್ಲಿ ಹೋಳಿ ಬಂತು.

ಹೋಳಿಯಲ್ಲಿ ನಮ್ಮ ಕಡೆಯ ಹುಡುಗರು ಕಾಮಣ್ಣನನ್ನು ಸುಡಲು ಕಟ್ಟಿಗೆ, ಸಗಣಿಯ ಕುಳ್ಳು ಕದಿಯುತ್ತಾರೆ. ಅದು ಕಳ್ಳತನವಲ್ಲ, ಪದ್ಧತಿ. ಕಾಮಣ್ಣನ ರಾಶಿಗೆ ಬಿದ್ದದ್ದನ್ನು ಯಾರೂ ಮರಳಿ ಕೇಳಬಾರದು, ಕೇಳಿದರೆ ಮನೆಗೆ ಕೇಡು. ಹೊಲದ ಬದುವಿನ ಮರಗಳ ಹಸಿ ಟೊಂಗೆ ಕಡಿದು ರಾಶಿ ಏರಿಸುವುದು ಪ್ರತಿ ವರ್ಷದ ರೂಢಿ. ರಸೂಲಸಾಬರು ತಾವೇ ಕರೆದು ಒಂದು ಹೊರೆ ಚಕ್ಕೆ ಕೊಡುತ್ತಿದ್ದರಂತೆ, ಅವರ ಹಲಗೆಗಳನ್ನು ಅಲ್ಲಿಯವರೆಗೆ ಯಾರೂ ಮುಟ್ಟಿರಲಿಲ್ಲ.

ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಬಾಗಿಲು ತೆರೆದರೆ, ರಸೂಲಸಾಬರು ಖಾಲಿ ಗೋಡೆಯನ್ನು ನೋಡುತ್ತ ನಿಂತಿದ್ದರು. ನಾನು ಓಣಿಗಳು ಕೂಡುವ ಕೂಟಿಗೆ ಓಡಿದೆ. ಕಾಮಣ್ಣನ ರಾಶಿಯ ಮೇಲೆ ಬೇವಿನ ಹಲಗೆಗಳು ಅಚ್ಚುಕಟ್ಟಾಗಿ ಕೂತಿದ್ದವು. ಕಾವಲಿಗಿದ್ದ ಅನಿಕೇತ ನನ್ನನ್ನು ಕಂಡದ್ದೇ ಎದೆ ಉಬ್ಬಿಸಿಕೊಂಡು ಬಂದ.

“ಬಾಯಾರ, ಈ ಸಲ ಒಂದೂ ಹಸಿ ಟೊಂಗಿ ಕಡದಿಲ್ರಿ! ಎಲ್ಲಾ ಒಣಾ ಒಣಾ!”

ಹೊಗಳುತ್ತೇನೆಂದು ಅವನು ಕಾಯುತ್ತಿದ್ದ. ಅವನ ಕಪಾಳಕ್ಕೆ ಬಾರಿಸಲೋ ಬೆನ್ನು ತಟ್ಟಲೋ ನನಗೆ ತಿಳಿಯಲಿಲ್ಲ.

“ಅದು ರಸೂಲ ಚಾಚಾ ತೊಟ್ಟಲಕ್ಕ ಇಟ್ಟಿದ್ದೋ ಮಾರಾಯಾ! ಗೊತ್ತಿರಲಿಲ್ಲೇನು?”

“ತೊಟ್ಟಲಕ್ಕ ಅಂತ ಗೊತ್ತಿರಲಿಲ್ರಿ. ಒಣಗೇತಿ ಅಂತ ಗೊತ್ತಿತ್ತು.” ಅವನ ಮುಖ ಚಿಕ್ಕದಾಯಿತು. “ಆದ್ರ ನೀವ ಹೇಳಿದ್ರೆಲ್ರಿ, ಒಣಗಿದ್ದು ತಗೋಬಹುದು ಅಂತ.”

ಹೇಳಿದ್ದೆ. ಇಪ್ಪತ್ತು ಮಕ್ಕಳ ಕೈಯಲ್ಲಿ ಕೂಗಿಸಿದ್ದೆ. ನಾಜಿಯಾಳ ಅಪ್ಪ ಪಾಪಿಯಲ್ಲ ಎನ್ನಲು ಆಡಿದ ಮಾತು ಆ ಅಪ್ಪನ ಛಪ್ಪರವನ್ನೇ ಬರಿದು ಮಾಡಿತ್ತು. ತಪ್ಪು ಯಾರದು? ಹುಡುಗರದೇ, ಪದ್ಧತಿಯದೇ, ನನ್ನದೇ? ಯೋಚಿಸಿದಷ್ಟೂ ತಲೆ ಗಿರ್ ಎಂದಿತು. ದುಂಡಪ್ಪ ಕಾಕಾನ ಹತ್ತಿರ ಹೋದೆ.

“ಛೆ ಛೆ, ರಸೂಲ ದೇವರಂಥಾ ಮನಷ್ಯಾ,” ಎಂದು ಅವರು ಖರೇನೇ ಮರುಗಿದರು. “ಆದ್ರ ಇವತ್ತ ಅವಗ ತಗದ ಕೊಟ್ರ ನಾಳೆ ಊರ ಮಂದಿ ಎಲ್ಲಾ ತಮ್ಮ ತಮ್ಮ ಕುಳ್ಳು ಕೇಳಾಕ ಬರತಾರ. ಒಂದ ವರ್ಷ ನಮ್ಮ ಹಿತ್ತಲ ಬಾಗಲಾನ ಹೊತಗೊಂಡ ಹೋಗಿದ್ರು. ನಾ ಏನ ಅತ್ತಿದ್ನಿ?”

ರಸೂಲಸಾಬರಂತೂ ಕೇಳುವ ಮಾತೇ ಇಲ್ಲ ಎಂದರು. “ಬಿಡ್ರಿ ಬಾಯಾರ. ಹುಟ್ಟಿದಾಗಿಂದ ಈ ಓಣ್ಯಾಗ ಅದೇನಿ. ಕಾಮಣ್ಣನ ಮುಂದ ನಿಂತು ನನ್ನ ಕಟ್ಟಿಗಿ ಕೊಡ್ರಿ ಅಂದ್ರ, ನಾಳೆ ಆ ಕೂಸಿಗೆ ಒಂದ ಸೀನ ಬಂದ್ರೂ ನನಗ ಅದ ನೆನಪಾಕ್ಕೇತಿ.” ಬಾಗಿಲ ಮರೆಯಲ್ಲಿ ನಿಂತಿದ್ದ ಮೆಹೆರಾಜ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅಳುತ್ತಿದ್ದಳು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

ಆಗ ನಾಜಿಯಾ ಅಂದಳು, “ಬಾಯಾರ, ಕೇಳಬಾರದು. ಆದ್ರ ಕದೀಬಹುದಲ್ರಿ?”

“ನಿನಗೇನರ ತಲಿ ಕೆಟ್ಟೈತೇನ?” ಎಂದು ರೇಗಿದೆ. ಆಮೇಲೆ ನೆನಪಾಯಿತು. ಬೆಂಕಿ ಬೀಳುವ ತನಕ ರಾಶಿಯಿಂದ ಯಾರು ಕದ್ದರೂ ಜಗಳವಿಲ್ಲ, ಕೇಡೂ ಇಲ್ಲ. ಅವಮಾನವೇನಿದ್ದರೂ ಕಾವಲಿಗಿದ್ದವರಿಗೆ. ರಸೂಲಸಾಬರು ಮಗಳ ಮುಖ ನೋಡದೆಯೇ ಅಂದರು, “ಬರಿಗೈಲೆ ತರಬ್ಯಾಡ. ಕಾಮಣ್ಣನ ಪಾಲು ಕಾಮಣ್ಣಗ ಇರಬೇಕು. ಎಷ್ಟ ತಗೀತಿ ಅಷ್ಟ ಇಟ್ಟ ಬಾ.”

ಮರುದಿನ ಮಧ್ಯಾಹ್ನ, ರಜೆಯಿದ್ದರೂ, ನಾನು ಸಂಘದ ತುರ್ತು ಸಭೆ ಕರೆದೆ. ಕಾವಲು ಹುಡುಗರೆಲ್ಲ ಸಂಘದವರೇ ತಾನೇ, ಗೊಣಗುತ್ತ ಬಂದರು. ಶಾಲೆಯ ಮುಂದಿನ ಕೋಣೆಯಲ್ಲಿ ಕೂಡಿಸಿ ಓಜೋನ್ ಪದರದ ಬಗ್ಗೆ ಶುರು ಮಾಡಿದೆ. ಏನು ಹೇಳಿದೆನೋ ಆ ದೇವರೇ ಬಲ್ಲ. ಒಮ್ಮೆ ತೂತು ಬಿದ್ದಿದೆ ಎಂದೆ, ಒಮ್ಮೆ ಮುಚ್ಚಿದೆ ಎಂದೆ.

“ಬಾಯಾರ, ಹುಡಿಗ್ಯಾರು ಯಾಕ ಬಂದಿಲ್ರಿ?” ಅನಿಕೇತನಿಗೆ ಸಂಶಯ.

“ಅವರಿಗೆ ಓಜೋನ್ ಗೊತ್ತೈತಿ. ನೀ ಕುಂಡರು.”

ಸಂಜೆ ಮನೆಗೆ ಬಂದಾಗ ಛಪ್ಪರದಲ್ಲಿ ಹಲಗೆಗಳ ಮೇಲೆ ಕೌದಿ ಹೊದಿಸಿತ್ತು. ಒಂದು ಹಲಗೆ ಮಾತ್ರ ರಾಶಿಯೊಳಗೆ ಜಾರಿ ತಳದಲ್ಲಿ ಸಿಕ್ಕಿಕೊಂಡು ಬಂದಿರಲಿಲ್ಲ. ದುಂಡಪ್ಪ ಕಾಕಾನ ಹೆಂಡತಿ ಇಂದ್ರವ್ವ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಕಂಡಿದ್ದಳು. “ನನ್ನ ಕಣ್ಣಾಗ ಧೂಳ ಬಿದ್ದೈತವಾ, ಏನೂ ಕಾಣವಲ್ದು,” ಎಂದು ಹುಡುಗಿಯರಿಗೆ ಹೇಳಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡಿದ್ದಳಂತೆ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಅಷ್ಟರಲ್ಲಿ ನಾಜಿಯಾಳ ಕೈ ನೋಡಿದೆ. ಮೊಣಕೈ ತನಕ ತರಚಿ ರಕ್ತ ಒಸರುತ್ತಿತ್ತು.

“ಏನ ಇಟ್ಟು ಬಂದಿ ಅಲ್ಲೆ?”

ಅವಳು ಕೈಗಳನ್ನು ಬೆನ್ನ ಹಿಂದೆ ಸರಿಸಿದಳು. ನಾನು ಕೂಟಿಗೆ ಹೋಗಿ ನೋಡಿದೆ. ಹಲಗೆಗಳಿದ್ದ ಜಾಗದಲ್ಲಿ, ಮೇಲೆ ಹರಡಿದ ಕುಳ್ಳಿನ ಅಡಿಗೆ, ಜಾಲಿಮುಳ್ಳು, ಗೂಟ, ಬಣ್ಣದ ಅಕ್ಷರದ ಫಲಕಗಳು. ಇಪ್ಪತ್ತು ಸಸಿಗಳ ಬೇಲಿಯನ್ನೂ ಅವಳು ಕಿತ್ತು ತಂದಿದ್ದಳು.

ತಿರುಗಿ ಬಂದು ಅವಳ ಭುಜ ಹಿಡಿದು ಅಲ್ಲಾಡಿಸಿದೆ. “ಹುಚ್ಚಿ! ಆಡು ಬಿಡತಾವೇನು? ಒಬ್ಬಾಕೀನ ನೀರ ಹೊತ್ತಿದ್ದೆಲ್ಲ, ನಿನಗ ಹ್ಯಾಂಗ ಮನಸ ಬಂತು?”

“ಇದ್ದ ಚಕ್ಕಿ ಆಗಲೇ ಕಾಮಣ್ಣಗ ಕೊಟ್ಟಿದ್ವಿರಿ, ಮನ್ಯಾಗ ಬ್ಯಾರೆ ಕಟ್ಟಿಗಿ ಇರಲಿಲ್ರಿ,” ಎಂದಳು. “ನಂದು ಅಂತ ಇದ್ದದ್ದ ಅದ.” ಅಲ್ಲಿಯವರೆಗೆ ತಡೆದದ್ದು ಒಮ್ಮೆಲೇ ಒಡೆದು ಹೋ ಎಂದು ಅತ್ತಳು. ನಾನೂ ಅವಳನ್ನು ತಬ್ಬಿಕೊಂಡು ಅತ್ತೆ.

ಬೆಳಕು ಹರಿಯುವಾಗ ದುಂಡಪ್ಪ ಕಾಕಾ ಕಾಮಣ್ಣನಿಗೆ ಬೆಂಕಿ ಇಟ್ಟರು. ಜಾಲಿಮುಳ್ಳು ಚಟಚಟ ಉರಿಯಿತು. ಹುಡುಗರು ಬಾಯಿ ಬಡಿದುಕೊಂಡು ಲಬೋ ಲಬೋ ಎನ್ನುತ್ತಿದ್ದರು. ಅನಿಕೇತ ಇದ್ದಕ್ಕಿದ್ದಂತೆ ನಿಂತ. ಬೆಂಕಿಯಲ್ಲಿ ಅವನ ಹೆಸರು ಉರಿಯುತ್ತಿತ್ತು.

“ಬಾಯಾರ, ನನ್ನ ಫಲಕ ಇಲ್ಲಿಗೆ ಹ್ಯಾಂಗ ಬಂತ್ರಿ?”

“ಒಣಗಿತ್ತಲ್ಲೋ,” ಎಂದೆ.

ಅವನು ಬೆಂಕಿ ನೋಡಿದ, ರಸೂಲಸಾಬರ ಛಪ್ಪರದ ಕಡೆ ನೋಡಿದ, ಕೌದಿ ಕಂಡ. ಆಮೇಲೆ ಬೆಂಕಿಗೆ ಮುಖ ತಿರುಗಿಸಿ, ಎಲ್ಲರಿಗಿಂತ ಜೋರಾಗಿ ಬಾಯಿ ಬಡಿದುಕೊಂಡ.

ಸಸಿ ಮೇಯಲು ಆಡುಗಳು ಐದನೆಯ ದಿನದ ರಂಗಪಂಚಮಿಯ ತನಕವೂ ಕಾಯಲಿಲ್ಲ. ಮಾರ್ಚ್ ಕೊನೆಗೆ ಬೆಳಗಾವಿಯಿಂದ ತಪಾಸಣೆಗೆ ಸಾಹೇಬರು ಬಂದರು. ಕೃಷ್ಣಾಜಿ ಸರ್ ಅವರನ್ನು ಶಾಲೆಯ ಹಿಂದಕ್ಕೆ ಕರೆದೊಯ್ದು, ಅಲ್ಲಿದ್ದ ಮೋಟು ಕಡ್ಡಿಗಳನ್ನು ಕಂಡು ನನ್ನ ಕಡೆ ಕಣ್ಣು ಬಿಟ್ಟರು.

“ಬೇಲಿ ಹಾಕಿರಲಿಲ್ವಾ?” ಎಂದು ಸಾಹೇಬರು ಕೇಳಿದರು.

“ಹಾಕಿದ್ವಿರಿ. ಸುಟ್ಟು ಹೋತು.”

“ಯಾರು ಸುಟ್ಟರು?”

“ಊರವ್ರೆಲ್ಲಾ ಕೂಡೇ ಸುಟ್ಟೇವ್ರಿ. ನಾನೂ ಇದ್ದೆ.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಹಾಗಾದ್ರೆ ನಿಮ್ಮ ಸಂಘದಿಂದ ಉಳಿದದ್ದಾದರೂ ಏನಮ್ಮಾ?”

ಗೊತ್ತಿಲ್ಲ ಸರ್ ಎಂದೆ. ಅವರು ಚಹಾ ಕುಡಿದು ಹೋದರು.

ಮೇ ತಿಂಗಳಲ್ಲಿ ಮೆಹೆರಾಜ ಹೆಣ್ಣುಮಗು ಹೆತ್ತಳು. ಮೊದಲ ಮಳೆ ಬಿದ್ದ ಮರುದಿನ ಕೂಸನ್ನು ತೊಟ್ಟಿಲಿಗೆ ಹಾಕಲು ನನ್ನನ್ನೂ ಕರೆದರು. ಬೇವಿನ ತೊಟ್ಟಿಲು ಬೆಣ್ಣೆಯಂತೆ ನುಣ್ಣಗಿತ್ತು. ತೂಗುತ್ತಿದ್ದ ನಾಜಿಯಾ ಪಿಸುಮಾತಿನಲ್ಲಿ ಕೇಳಿದಳು.

“ಬಾಯಾರ, ಈ ವರ್ಷಾನೂ ಸಂಘ ಐತೇನ್ರಿ?”

“ಐತಿ. ಮಳಿ ಬಂದೈತಿ, ನಾಳೇನ ಹಚ್ಚೂಣು.”

“ಮತ್ತ ಹೋಳಿ ಬಂತಂದ್ರ?”

“ಬಂದಾಗ ನೋಡೂಣು ತಗೋ.”

ಕೂಸಿನ ಮುಖ ನೋಡಲು ಬಗ್ಗಿದೆ. ರಾಶಿಯ ತಳದಲ್ಲಿ ಉಳಿದು ಸುಟ್ಟುಹೋದ ಹಲಗೆಯಿಂದಾಗಿ ತೊಟ್ಟಿಲಿನ ತಲೆಭಾಗದಲ್ಲಿ ಒಂದು ಗೇಣು ಕಡಿಮೆ ಬಿದ್ದಿತ್ತು. ಅಲ್ಲಿ ರಸೂಲಸಾಬರು ಒಂದು ಸಣ್ಣ ಫಲಕ ಕೂಡಿಸಿದ್ದರು. ಹತ್ತೊಂಬತ್ತನ್ನು ಕಾಮಣ್ಣನಿಗೆ ಕೊಟ್ಟ ಹುಡುಗಿ ಒಂದನ್ನು ಮಾತ್ರ ಸುಡಲು ಮನಸ್ಸಾಗದೆ ಲಂಗದಲ್ಲಿ ಮುಚ್ಚಿಕೊಂಡು ಬಂದಿದ್ದಳಂತೆ. ಬಣ್ಣ ಇನ್ನೂ ಮಾಸಿರಲಿಲ್ಲ. ‘ಬೇವು. ಪಾಲಕರು: ನಾಜಿಯಾ’. ಅದರ ಕೆಳಗೆ ಕೂಸು ಮುಷ್ಟಿ ಬಿಗಿದು ನಿದ್ದೆ ಮಾಡುತ್ತಿತ್ತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ನಾಜಿಯಾಳ ಕೈಯಿಂದ ಹಗ್ಗ ತೆಗೆದುಕೊಂಡು ನಾನೂ ನಾಲ್ಕು ಸಲ ತೂಗಿದೆ.