ಮೂರು ಮಗ್ಗು ಸೋಪು

ಊರಿನವರೆಲ್ಲ ಅವನನ್ನು ಸೀಸೆಯಣ್ಣ ಅಂತಲೇ ಕರೆಯುತ್ತಿದ್ದರು. ಹೊಸಬರು ಈ ಹೆಸರು ಕೇಳಿ ಏನೇನೋ ಊಹಿಸಿಕೊಂಡು ಕಣ್ಣು ಮಿಟುಕಿಸುವುದಿತ್ತು. ಪಾಪ, ಆಯುಷ್ಯದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ ಅವನು. ಅವನ ಜೇಬಿನಲ್ಲಿರುತ್ತಿದ್ದದ್ದು ನೀರಿನ ಸೀಸೆ. ಊರಾಚೆಯ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಇಪ್ಪತ್ತಾರು ವರ್ಷದಿಂದ ಆಪರೇಟರು. ಊರಿನ ಬಚ್ಚಲು, ಅಡುಗೆಮನೆ, ಕಕ್ಕಸುಗಳಿಂದ ಹರಿದು ಬಂದದ್ದನ್ನೆಲ್ಲ ಒಂದು ಕಡೆಯಿಂದ ಒಳಗೆ ತೆಗೆದುಕೊಂಡು, ಗಾಳಿ ಊದಿ, ತಿಳಿಗೊಳಿಸಿ, ಸೋಸಿ, ಇನ್ನೊಂದು ಕಡೆಯಿಂದ ಹೊರಗೆ ಬಿಡುವುದು ಅವನ ಕೆಲಸ. ಬಿಡುವ ಮುಂಚೆ ಸೀಸೆಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡುತ್ತಿದ್ದ. ದಾರಿಯಲ್ಲಿ ಸಿಕ್ಕವರಿಗೂ ತೋರಿಸುತ್ತಿದ್ದ. ಅವರು ಎರಡು ಹೆಜ್ಜೆ ಹಿಂದೆ ಸರಿದು "ಚೆನ್ನಾಗಿದೆ, ಚೆನ್ನಾಗಿದೆ" ಎಂದು ಜಾಗ ಖಾಲಿ ಮಾಡುತ್ತಿದ್ದರು.

ಇಷ್ಟು ಮುತುವರ್ಜಿಯಿಂದ ಮಾಡಿದ ನೀರು ಹೋಗುತ್ತಿದ್ದದ್ದೆಲ್ಲಿಗೆ? ಪಕ್ಕದ ಕಾಲುವೆಗೆ. ಅಲ್ಲಿ ಅದು ಗಲೀಜಿನ ಜೊತೆ ಸೇರಿ ಮತ್ತೆ ಗಲೀಜಾಗುತ್ತಿತ್ತು. ಸೀಸೆಯಣ್ಣನ ಸಂಕಟ ಏನಿದ್ದರೂ ಇದೊಂದೇ. ಪಾತ್ರೆ ತಿಕ್ಕಿ ತೊಳೆದು ಮತ್ತೆ ಕೆಸರಿನಲ್ಲಿ ಕವುಚಿಟ್ಟ ಹಾಗೆ, ದಿನವೂ, ಇಪ್ಪತ್ತಾರು ವರ್ಷ.

ಅಂಥ ಹೊತ್ತಿನಲ್ಲಿ ಸರ್ಕಾರದ ಹೊಸ ನೀತಿ ಬಂತು. ಕುಡಿಯುವ ನೀರು, ಬೋರ್‌ವೆಲ್ ನೀರು ಮನೆಗಳಿಗೆ ಮಾತ್ರ. ಕಟ್ಟಡದ ಕೆಲಸ, ಉದ್ಯಾನ, ಕಾರ್ಖಾನೆ, ಬಟ್ಟೆ ಒಗೆಯುವ ಲಾಂಡ್ರಿಗಳೆಲ್ಲ ಇನ್ನು ಮುಂದೆ ಮರುಬಳಕೆಯ ನೀರನ್ನೇ ಉಪಯೋಗಿಸಬೇಕು. ಘಟಕಕ್ಕೆ ಹೊಸ ಯಂತ್ರ ಬಂತು. ಕಣ್ಣಿಗೆ ಕಾಣದಷ್ಟು ಸಣ್ಣ ತೂತಿನ ಪೊರೆಗಳ ಮೂಲಕ ನೀರನ್ನು ಒತ್ತಿ ಸೋಸುವಂಥದ್ದು. ರಸ್ತೆ ಅಗೆದು ನೇರಳೆ ಬಣ್ಣದ ಪೈಪು ಹಾಕಿದರು. ಚರಂಡಿ ನೀರಲ್ಲಿ ಬಟ್ಟೆ ಒಗೆಯುವುದುಂಟೇ ಎಂದು ಲಾಂಡ್ರಿಯವರು ಮಾತ್ರ ಒಂದೇ ಸಮನೆ ತಕರಾರು ತೆಗೆದರು. ಕೊನೆಗೆ ಇಲಾಖೆ ಒಂದು ದಾರಿ ಹುಡುಕಿತು: ಯಾವುದಾದರೂ ಒಂದು ಲಾಂಡ್ರಿಯಲ್ಲಿ ಎರಡು ಸಲ ಪರೀಕ್ಷೆ ಮಾಡೋಣ. ಎರಡರಲ್ಲೂ ಬಟ್ಟೆ ಕೆಟ್ಟರೆ ಈ ಊರಿಗೆ ವಿನಾಯಿತಿ. ಪೈಪಿಗೆ ಬಿರಡೆ ಹಾಕಿ, ಹೊಸ ಯಂತ್ರವನ್ನು ಬೇರೆ ಊರಿಗೆ ಸಾಗಿಸುವುದು. ಸೀಸೆಯಣ್ಣನ ನೀರು ಮತ್ತೆ ಕಾಲುವೆಗೆ.

ಲಾಂಡ್ರಿಯವರು ಕೂಡಿ ಮಾತಾಡಿ ಒಬ್ಬಳ ಹೆಸರು ಕೊಟ್ಟರು. ಆಸ್ಪತ್ರೆಯ ಬಟ್ಟೆ, ಮೂರು ಲಾಡ್ಜುಗಳ ಹಾಸು ಹೊದಿಕೆ, ಎಲ್ಲ ಒಗೆಯುವವಳು. ಬಿಳಿ ಬಟ್ಟೆಯ ವಿಷಯದಲ್ಲಿ ಅವಳಷ್ಟು ಕಟ್ಟುನಿಟ್ಟಿನವಳು ಇನ್ನೊಬ್ಬಳಿಲ್ಲ. ಒಂದು ಚುಕ್ಕೆ ಕಂಡರೆ ಇಡೀ ಗಂಟನ್ನು ಮತ್ತೆ ನೀರಿಗೆ ಹಾಕಿಸುತ್ತಿದ್ದಳು. ಅವಳ ಕೈಯಲ್ಲಿ ಈ ನೀರು ಪಾಸಾಗುವುದುಂಟೇ ಎಂಬ ಧೈರ್ಯ ಅವರದು. ಅವಳು ಸೀಸೆಯಣ್ಣನ ಒಡಹುಟ್ಟಿದ ಅಕ್ಕ ಎನ್ನುವುದು ಅವರಿಗೂ ಗೊತ್ತಿತ್ತು. ಅದರಿಂದ ಏನೂ ವ್ಯತ್ಯಾಸವಾಗುವುದಿಲ್ಲ ಎನ್ನುವುದೂ ಗೊತ್ತಿತ್ತು.

ಅಕ್ಕನಿಗೆ ತಮ್ಮನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಆದರೆ ಅವನು ಬಾಗಿಲಿಗೆ ಬಂದರೆ ಮೊದಲು ಮೂಗು ಅರಳಿಸಿ ನೋಡಿ ಆಮೇಲೆ ಒಳಗೆ ಕರೆಯುತ್ತಿದ್ದಳು. "ತಮ್ಮ ಏನು ಮಾಡ್ತಾನೆ?" ಎಂದು ಗಿರಾಕಿಗಳು ಕೇಳಿದರೆ "ಸರ್ಕಾರಿ ಕೆಲಸ" ಎಂದು ಹೇಳಿ ಮಾತು ತಿರುಗಿಸುತ್ತಿದ್ದಳು. ಇದು ಅವನ ಕಿವಿಗೂ ಬಿದ್ದಿತ್ತು. ನಕ್ಕು ಸುಮ್ಮನಾಗಿದ್ದ, ಒಳಗೆ ಮಾತ್ರ ಚುರುಕ್ ಎಂದಿತ್ತು.

ಮೊದಲ ಪರೀಕ್ಷೆಯ ದಿನ ಇಲಾಖೆಯ ಅಧಿಕಾರಿಣಿ ಫೈಲು ಹಿಡಿದು ಬಂದರು. ಉಳಿದ ಲಾಂಡ್ರಿಯವರು ಗೋಡೆಗೆ ಒರಗಿ ತಮಾಷೆ ನೋಡಲು ನಿಂತರು. ಅಕ್ಕ ದೊಡ್ಡ ಮಷೀನಿಗೆ ನಲವತ್ತು ಹಾಸುಗಳನ್ನು ತುಂಬಿ, ಸೋಪಿನ ಪುಡಿ ಹಾಕಿ, ನೇರಳೆ ಪೈಪಿನ ನಲ್ಲಿ ತಿರುಗಿಸಿದಳು. ಹತ್ತು ನಿಮಿಷ ಎಲ್ಲ ಸರಿಯಿತ್ತು. ಆಮೇಲೆ ಮಷೀನಿನ ಬಾಗಿಲ ಸಂದಿನಿಂದ ನೊರೆ ಇಣುಕಿತು. ನೋಡನೋಡುತ್ತಿದ್ದ ಹಾಗೆ ಬುಸುಬುಸು ಉಕ್ಕಿ ನೆಲಕ್ಕೆ ಇಳಿಯಿತು. ಅಧಿಕಾರಿಣಿಯ ಚಪ್ಪಲಿ ಮುಳುಗಿತು.

"ನೋಡಿದ್ರಾ ಮೇಡಂ," ಎಂದ ಗೋಡೆಗೆ ಒರಗಿದ್ದವರಲ್ಲೊಬ್ಬ. "ಕಾಲುವೇಲಿ ತೇಲುತ್ತಲ್ಲ, ಅದೇ ನೊರೆ. ಚರಂಡಿ ಬುದ್ಧಿ ಎಲ್ಲಿಗೆ ಹೋಗುತ್ತೆ?"

ಹಾಸುಗಳನ್ನು ಎಷ್ಟು ಜಾಲಿಸಿದರೂ ಜಿಡ್ಡು ಬಿಡಲಿಲ್ಲ. ಒಣಗಿದ ಮೇಲೆ ಮಂಕಾಗಿ, ಹಪ್ಪಳದ ಹಾಗೆ ಸೆಟೆದುಕೊಂಡವು. ಅಕ್ಕ ಒಂದನ್ನು ಬೆರಳಲ್ಲಿ ಉಜ್ಜಿ ನೋಡಿ ಕೆಳಗಿಟ್ಟಳು. ತಮ್ಮನ ಮುಖ ನೋಡಲಿಲ್ಲ. "ಆಗ್ಲಿಲ್ಲ ಕಣೋ," ಎಂದಳು, ಅಷ್ಟೇ. ಅವಳು ಬೈದಿದ್ದರೆ ಅವನಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಎರಡನೆಯ ಪರೀಕ್ಷೆಗೆ ಒಂದು ವಾರವಿತ್ತು. ಸೀಸೆಯಣ್ಣ ಘಟಕಕ್ಕೆ ಹೋಗಿ ತೊಟ್ಟಿ ತೊಟ್ಟಿಯ ನೀರು ತೆಗೆದ. ವಾಸನೆ ನೋಡಿದ, ಬಣ್ಣ ನೋಡಿದ, ರೋಗಾಣು ಪರೀಕ್ಷೆ ಮಾಡಿಸಿದ. ಎಲ್ಲಿಯೂ ಒಂದು ಕೂದಲೆಳೆಯಷ್ಟು ತಪ್ಪಿಲ್ಲ. ಮೂರು ದಿನ ತಲೆ ಕೆಡಿಸಿಕೊಂಡ. ನಾಲ್ಕನೆಯ ದಿನ, ನೀರಿನಲ್ಲಿ ತಪ್ಪಿಲ್ಲದಿದ್ದರೆ ಒಗೆಯುವುದನ್ನಾದರೂ ನೋಡೋಣ ಎಂದುಕೊಂಡು ಬೆಳಿಗ್ಗೆಯೇ ಅಕ್ಕನ ಲಾಂಡ್ರಿಗೆ ಹೋದ.

ಅಲ್ಲಿ ದಿನದ ಕೆಲಸ ಹಳೆಯ ಬೋರ್‌ವೆಲ್ ನೀರಿನಲ್ಲೇ ನಡೆಯುತ್ತಿತ್ತು. ಅಕ್ಕ ಹಳೆಯ ಅಲ್ಯೂಮಿನಿಯಂ ಮಗ್ಗಿನಲ್ಲಿ ಸೋಪಿನ ಪುಡಿ ಮೊಗೆದು ಮಷೀನಿಗೆ ಸುರಿದಳು. ಒಂದು. ಎರಡು. ಮೂರು. ಒಂದು ಕಾಳು ಹೆಚ್ಚಿಲ್ಲ, ಕಡಿಮೆಯಿಲ್ಲ. ಮಷೀನು ಸುತ್ತಿತು. ನೊರೆ ನಾಲ್ಕು ಬೆರಳಷ್ಟು ಎದ್ದು ತೆಪ್ಪಗೆ ಕೂತಿತು.

ಸೀಸೆಯಣ್ಣ ಅದನ್ನೇ ನೋಡುತ್ತ ನಿಂತ.

"ಅಕ್ಕ, ಅವತ್ತೂ ಮೂರು ಮಗ್ಗು ಹಾಕಿದ್ಯಾ?"

"ಮತ್ತೆ? ಮೂವತ್ತು ವರ್ಷದಿಂದ ಮೂರೇ. ಅಮ್ಮ ಕಲ್ಸಿದ್ದು."

"ನನ್ನ ನೀರಿಗೆ ಮೂರು ಬೇಡ. ಒಂದು ಸಾಕು."

ಅಕ್ಕ ಮಗ್ಗನ್ನು ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು. "ನೀನು ನನಗೆ ಬಟ್ಟೆ ಒಗೆಯೋದು ಹೇಳ್ಕೊಡ್ತೀಯಾ?"

ಅವನು ವಾದಕ್ಕೆ ಹೋಗಲಿಲ್ಲ. ಜೇಬಿನಿಂದ ತನ್ನ ಸೀಸೆ ತೆಗೆದ. ಕಪಾಟಿನಿಂದ ಒಂದು ಖಾಲಿ ಸೀಸೆ ತಂದು ಅದರಲ್ಲಿ ಬೋರ್‌ವೆಲ್ ನೀರು ಹಿಡಿದ. ಎರಡಕ್ಕೂ ಒಂದೊಂದು ಚಿಟಿಕೆ ಸೋಪಿನ ಪುಡಿ ಹಾಕಿ, ಎರಡೂ ಕೈಯಲ್ಲಿ ಹಿಡಿದು ಕುಲುಕಿದ. ಬೋರ್‌ವೆಲ್ ನೀರು ಹಾಲು ಒಡೆದ ಹಾಗೆ ಚೂರುಚೂರಾಯಿತು, ಮೇಲೆ ಒಂದು ಬೆರಳು ನೊರೆ ಕೂಡ ನಿಲ್ಲಲಿಲ್ಲ. ಇನ್ನೊಂದು ಸೀಸೆಯಲ್ಲಿ ನೊರೆ ಕತ್ತಿನವರೆಗೆ ಬಂತು.

"ನಿನ್ನ ಬೋರ್‌ವೆಲ್ ಗಡಸು ನೀರು ಅಕ್ಕ. ಹಾಕೋ ಸೋಪಲ್ಲಿ ಎರಡು ಮಗ್ಗು ಅದೇ ನುಂಗಿಬಿಡುತ್ತೆ. ಬಟ್ಟೆಗೆ ಸಿಗೋದು ಒಂದೇ ಮಗ್ಗು. ಹೊಸ ಯಂತ್ರ ನನ್ನ ನೀರಿಂದ ಗಡಸನ್ನೆಲ್ಲ ತೆಗೆದುಹಾಕಿದೆ. ಮೂರು ಮಗ್ಗೂ ಬಟ್ಟೆಗೇ ಬಿತ್ತು. ಅವತ್ತು ಉಕ್ಕಿದ್ದು ಚರಂಡಿ ನೊರೆ ಅಲ್ಲ, ನಿನ್ನ ಸೋಪಿನ ನೊರೆ."

ಅಕ್ಕ ಎರಡೂ ಸೀಸೆಗಳನ್ನು ಇಸಿದುಕೊಂಡು ಕಿಟಕಿಯ ಹತ್ತಿರ ಹೋದಳು. ಬಹಳ ಹೊತ್ತು ನೋಡಿದಳು. ತಾನೇ ಇನ್ನೊಂದು ಸಲ ಕುಲುಕಿದಳು. ತಿರುಗಿ ಬಂದು ಸೀಸೆಗಳನ್ನು ಮೇಜಿನ ಮೇಲಿಟ್ಟು, "ಈಗ ಹೋಗು, ಕೆಲಸ ಇದೆ," ಎಂದಳು. ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಮೂವತ್ತು ವರ್ಷದಲ್ಲಿ ಅವಳು ತಪ್ಪು ಒಪ್ಪಿಕೊಂಡದ್ದನ್ನು ಯಾರೂ ಕಂಡವರಿಲ್ಲ.

ಎರಡನೆಯ ಪರೀಕ್ಷೆಗೆ ಮೊದಲಿಗಿಂತ ಹೆಚ್ಚು ಜನ ಸೇರಿದರು. ಅಧಿಕಾರಿಣಿ ಈ ಸಲ ಬುದ್ಧಿವಂತಿಕೆಯಿಂದ ರಬ್ಬರ್ ಬೂಟು ಹಾಕಿಕೊಂಡು ಬಂದಿದ್ದರು. ಅಕ್ಕ ನಲವತ್ತು ಹಾಸು ತುಂಬಿ ಮಗ್ಗು ಕೈಗೆತ್ತಿಕೊಂಡಳು. ಒಂದು ಮಗ್ಗು ಸುರಿದಳು. ಕೈ ಮತ್ತೆ ಡಬ್ಬದೊಳಗೆ ಹೋಯಿತು. ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಕೈ ಡಬ್ಬದಲ್ಲಿ ಅರೆಗಳಿಗೆ ನಿಂತಿತು. ಆಮೇಲೆ ಅವಳು ಮಗ್ಗನ್ನು ಅಲ್ಲೇ ಬಿಟ್ಟು, ಮುಚ್ಚಳ ಹಾಕಿ, ನಲ್ಲಿ ತಿರುಗಿಸಿದಳು.

ನೊರೆ ನಾಲ್ಕು ಬೆರಳು ಎದ್ದು ನಿಂತಿತು. ಮೂರು ಸಲ ಜಾಲಿಸುವ ಕಡೆ ಎರಡೇ ಸಲಕ್ಕೆ ನೀರು ತಿಳಿಯಾಯಿತು. ಹಿಂದಿನ ಅಂಗಳದ ತಂತಿಗಳ ಮೇಲೆ ಹಾಸುಗಳನ್ನು ಹರವಿದರು. ಮಧ್ಯಾಹ್ನದ ಬಿಸಿಲಿಗೆ ಅವು ಕಣ್ಣು ಕುಕ್ಕುವ ಹಾಗೆ ಬೆಳ್ಳಗಿದ್ದವು. ಅಕ್ಕ ಒಂದೊಂದನ್ನೂ ಮುಟ್ಟಿ, ಅಂಚು ತಿರುವಿ, ಕೆನ್ನೆಗೆ ಒತ್ತಿ ನೋಡಿದಳು. ನಲವತ್ತರಲ್ಲಿ ಒಂದನ್ನೂ ಪಕ್ಕಕ್ಕೆ ತೆಗೆದಿಡಲಿಲ್ಲ. ಗೋಡೆಗೆ ಒರಗಿದ್ದವರು ಒಬ್ಬೊಬ್ಬರಾಗಿ ನೆಟ್ಟಗೆ ನಿಂತರು. ಅಂದು ಚರಂಡಿ ಬುದ್ಧಿಯ ಮಾತಾಡಿದವನು ಕೂಡ ಒಂದು ಹಾಸನ್ನು ಮುಟ್ಟಿ ನೋಡಿ ಗಂಟಲು ಸರಿ ಮಾಡಿಕೊಂಡ.

"ಹಾಗಾದರೆ ಮೊದಲ ಸಲ ಏನಾಗಿತ್ತು?" ಎಂದರು ಅಧಿಕಾರಿಣಿ, ಪೆನ್ನು ಹಿಡಿದು. "ವರದಿಯಲ್ಲಿ ಕಾರಣ ಬರೀಬೇಕು."

ಸೀಸೆಯಣ್ಣ ಅಕ್ಕನ ಕಡೆ ನೋಡಿದ. ಇಷ್ಟು ಜನರೆದುರು ಅವಳ ಮುಖ ಸಣ್ಣದಾಗುವುದು ಅವನಿಗೆ ಬೇಡವಾಗಿತ್ತು. "ಪೈಪು ಹೊಸದು ನೋಡಿ ಮೇಡಂ," ಎಂದು ಶುರು ಮಾಡಿದ. "ಒಳಗೆ ಸ್ವಲ್ಪ ಧೂಳು..."

"ಸುಳ್ಳು ಹೇಳ್ಬೇಡ್ವೋ," ಎಂದಳು ಅಕ್ಕ.

ಅವಳು ಅಧಿಕಾರಿಣಿಯ ಮುಂದೆ ಬಂದು ನಿಂತಳು.

"ಪೈಪಲ್ಲಿ ಏನೂ ಇರ್ಲಿಲ್ಲ ಮೇಡಂ. ನೀರೂ ಸರಿಯಾಗೇ ಇತ್ತು. ತಪ್ಪು ನಂದು. ಒಂದು ಮಗ್ಗು ಸೋಪು ಹಾಕೋ ಕಡೆ ಮೂರು ಹಾಕ್ದೆ. ಹಾಗೇ ಬರ್ಕೊಳ್ಳಿ." ಲಾಂಡ್ರಿಯವರ ಕಡೆ ತಿರುಗಿದಳು. "ನೀವೂ ಕೇಳಿಸ್ಕೊಳ್ಳಿ. ನಾಳೆ ನಿಮ್ಮ ಮಷೀನು ಉಕ್ಕಿದ್ರೆ ನೀರನ್ನ ಬೈಬೇಡಿ. ಒಂದು ಮಗ್ಗು. ಇದನ್ನ ಕಂಡುಹಿಡಿದವನು ಇವನು."

ಸೀಸೆಯಣ್ಣನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಸುಮ್ಮನೆ ತಂತಿಯ ಮೇಲಿನ ಬಟ್ಟೆಯ ಕಡೆ ನೋಡಿದ. ತನ್ನ ನೀರು ಕೊನೆಗೂ ಒಂದು ಕೆಲಸಕ್ಕೆ ಬಂತು ಎಂದು ಅವನ ಎದೆ ಉಬ್ಬಿತು. ಅದಕ್ಕಿಂತ ಹೆಚ್ಚಾಗಿ ಅಕ್ಕನನ್ನು ನೋಡಿ ಉಬ್ಬಿತು.

ಅಧಿಕಾರಿಣಿ ಒಂದು ಫಾರಂ ಮುಂದಿಟ್ಟರು. ಲಾಂಡ್ರಿಯ ವಿಳಾಸ, ಮಷೀನುಗಳ ಸಂಖ್ಯೆ, ದಿನಕ್ಕೆ ಬೇಕಾಗುವ ನೀರು. ಅಕ್ಕ ಕನ್ನಡಕ ಏರಿಸಿಕೊಂಡು ನಿಧಾನವಾಗಿ ತುಂಬಿದಳು. ಕೊನೆಯ ಸಾಲಿನಲ್ಲಿ 'ನೀರು ಒದಗಿಸುವವರು' ಎಂದಿತ್ತು. ಸ್ವಲ್ಪ ಹೊತ್ತು ಯೋಚಿಸಿ ಅಲ್ಲೂ ಬರೆದು, ಫಾರಂ ತಿರುಗಿಸಿ ಕೊಟ್ಟಳು.

ಅಧಿಕಾರಿಣಿ ಓದಿ ಮುಗುಳ್ನಕ್ಕರು. "ಇಲ್ಲಿ ಘಟಕದ ಹೆಸರು ಬರಬೇಕಿತ್ತು."

"ಅದನ್ನ ಕೆಳಗೆ ನೀವು ಬರ್ಕೊಳ್ಳಿ. ನಾನು ಬರ್ದಿರೋದು ಹಾಗೇ ಇರ್ಲಿ."

ಸೀಸೆಯಣ್ಣ ಬಗ್ಗಿ ನೋಡಿದ. ಅಕ್ಕನ ದಪ್ಪ ದಪ್ಪ ಅಕ್ಷರದಲ್ಲಿ 'ನನ್ನ ತಮ್ಮ' ಎಂದಿತ್ತು.

ಅವನು ಏನೋ ಹೇಳಲು ಬಾಯಿ ತೆರೆದ. ಅಕ್ಕ ಅವನನ್ನು ನೋಡದೆ ತಂತಿಯಿಂದ ಒಣಗಿದ ಹಾಸು ಎಳೆದು ಮಡಚತೊಡಗಿದಳು.

"ಏನೋ ಹಾಗೆ ನಿಂತ್ಕೊಂಡೆ? ಆಸ್ಪತ್ರೆದು ಇನ್ನೂ ಆರು ಗಂಟು ಬಿದ್ದಿದೆ. ಹೋಗು, ನೀರು ಕಳ್ಸು."