ಕಾಡಜ್ಜನ ಮುಂಗೈ

ಮೂಡಲಪಾಳ್ಯದ ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಮಾಲಾಳ ವೇಷಭೂಷಣದ ಬಾಡಿಗೆ ಅಂಗಡಿ. ಹದಿನೇಳು ಕೃಷ್ಣರು, ಒಂಬತ್ತು ಓಬವ್ವರು, ಬಾಲ ಕಳೆದುಕೊಂಡ ಎರಡು ಹುಲಿಗಳು ಅಲ್ಲಿ ಹ್ಯಾಂಗರಿಗೆ ನೇತುಬಿದ್ದು ಸ್ಕೂಲ್ ಡೇಗಾಗಿ ಕಾಯುತ್ತಿರುತ್ತವೆ. ಈ ಸಲ ಅವರ ನಡುವೆ ಒಬ್ಬ ಕಾಡಜ್ಜನೂ ನೇತಾಡುತ್ತಿದ್ದ. ಸ್ಪಂದನಳಿಗೆ ಕಷ್ಟ ಶುರುವಾದದ್ದೇ ಅವನಿಂದ.

ಸ್ಪಂದನ ಮಾಲಾಳ ಅಕ್ಕನ ಮಗಳು. ಹೊಲಿಗೆ ಮಿಷನ್ ಮುಂದೆ ಕೂತರೆ ಕಣ್ಣು ಕಿಟಕಿಯಾಚೆಯ ಮೋಡದ ಮೇಲೆ. ಒಂದೇ ಕಿಸೆಯನ್ನು ಎರಡು ಸಲ ಹೊಲಿದುಬಿಡುವವಳು. ಆದರೂ ಶಾಲೆಯೊಂದು ಕಾಡುಮನುಷ್ಯನ ವೇಷ ಕೇಳಿದಾಗ, ಮೊದಲ ಬಾರಿಗೆ ಪೂರ್ತಿ ಕೆಲಸವನ್ನು ಚಿಕ್ಕಮ್ಮ ಅವಳಿಗೇ ಬಿಟ್ಟಿದ್ದಳು. ಅಜ್ಜಿ ನೀಲಮ್ಮ ತುತ್ತು ತುತ್ತಿಗೂ ಹೇಳುತ್ತಿದ್ದ ಕಥೆಯ ಕಾಡಜ್ಜನನ್ನೇ ಸ್ಪಂದನ ಹೊಲಿದಳು. ಕಪ್ಪು ಫರ್ ಬಟ್ಟೆ, ಮಂಡಿ ಮುಟ್ಟುವ ತೋಳು. ಮುಂಗೈಯ ಕೂದಲನ್ನು ಮಾತ್ರ ಮಣಿಕಟ್ಟಿನಿಂದ ಮೊಣಕೈಯ ಕಡೆಗೆ ತಿರುಗಿಸಿಟ್ಟಳು.

ಸೋಮವಾರ ಶಾಲೆಯವರು ವೇಷವನ್ನು ವಾಪಸ್ ತಂದರು. "ಕೈ ಬಟ್ಟೆ ಉಲ್ಟಾ ಹೊಲ್ದಿದ್ದೀರಲ್ಲ ಮೇಡಂ!"

ಅವರು ಮೆಟ್ಟಿಲಿಳಿದದ್ದೇ ತಡ, ಮಾಲಾ ಸೊಂಟಕ್ಕೆ ಕೈಯಿಟ್ಟಳು. "ಏನೇ ಇದು? ಸವರಿದ್ರೆ ಬೆಕ್ಕನ್ನ ಬಾಲದ ಕಡೆಯಿಂದ ಸವರ್ದಂಗಾಗುತ್ತೆ!"

"ಕಾಡಜ್ಜನಿಗೆ ಇರೋದೇ ಹಾಗೆ ಚಿಕ್ಕಮ್ಮ. ಅಜ್ಜಿ ಹೇಳಿದಾಳೆ."

"ನಿಮ್ಮಜ್ಜಿ ಚಂದ್ರನಲ್ಲಿ ಮೊಲ ಇದೆ ಅಂತಾನೂ ಹೇಳಿದಾಳೆ. ಭಾನುವಾರದೊಳಗೆ ಎರಡೂ ತೋಳು ಬಿಚ್ಚಿ ಸರಿಯಾಗಿ ಹೊಲಿ. ಇಲ್ದಿದ್ರೆ ಮಿಷನ್ ಬಿಟ್ಟು ಕೌಂಟರಲ್ಲಿ ಕೂತು ರಶೀದಿ ಬರಿ, ಅಷ್ಟೇ."

ಮೂಲೆಯಲ್ಲಿ ಗುಂಡಿ ಆರಿಸುತ್ತಿದ್ದ ನೀಲಮ್ಮ ತಲೆಯೆತ್ತದೆ, "ಮೊಲ ಇದೆ ಕಣೇ," ಎಂದಳು.

ಬಿಚ್ಚಲು ಸ್ಪಂದನಳಿಗೆ ಮನಸ್ಸು ಬರಲಿಲ್ಲ. ಮರುದಿನ ಮಾಲಾ ಜರಿ ತರಲು ಚಿಕ್ಕಪೇಟೆಗೆ ಹೋಗಿದ್ದಾಗ ಕೆಂಗೇರಿಯ ರೇವಂತ್ ಎಂಬ ಹುಡುಗ ಬಂದ. "ಅಕ್ಕ, ಫ್ರೆಂಡ್ ಬರ್ತ್‌ಡೇ, ಹೆದರಿಸ್ಬೇಕು. ಈ ಕರಡಿ ಕೊಡಿ."

"ಕರಡಿ ಅಲ್ಲ, ಕಾಡಜ್ಜ. ಕೈ ಕೂದಲು ಮಾತ್ರ ಸ್ವಲ್ಪ..."

"ಕೈ ಯಾರ್ ನೋಡ್ತಾರೆ ಬಿಡಿ ಅಕ್ಕ."

ಗುರುವಾರ ಇಡೀ ಊರು ನೋಡಿದ್ದು ಕೈಯನ್ನೇ. ಕೆಂಗೇರಿಯಾಚೆಯ ಕುರುಚಲು ಕಾಡು, ಬೆಳಗಿನ ಮಂಜು, ನಲವತ್ತು ಸೆಕೆಂಡಿನ ವಿಡಿಯೋ. ಕಪ್ಪನೆಯ ಭಾರಿ ದೇಹವೊಂದು ಬಂಡೆಯ ಪಕ್ಕದಲ್ಲಿ ನಡೆದು, ಒಮ್ಮೆ ಹಿಂತಿರುಗಿ ನೋಡಿ, ಪೊದೆಯಲ್ಲಿ ಮಾಯ. ಟೀವಿಯವರು ಅದರ ಸುತ್ತ ಕೆಂಪು ಗೆರೆ ಸುತ್ತಿ ಸುತ್ತಿ ತೋರಿಸಿದರು. ಈ ಕಡೆ ನಿವೃತ್ತ ಪ್ರಾಣಿಶಾಸ್ತ್ರದ ಮೇಷ್ಟ್ರು ಮಧ್ವೇಶ್, ಆ ಕಡೆ ದೆವ್ವ-ಭೂತಗಳೆಲ್ಲ ಬರೀ ಸುಳ್ಳೆಂದು ಬಯಲಿಗೆಳೆದು ಹೆಸರಾದ ಪುರುಷೋತ್ತಮ.

"ಇದು ವೇಷ ಕಣ್ರೀ! ಒಳಗೆ ಯಾವನೋ ಬೆವರ್ತಾ ಇದಾನೆ," ಎಂದರು ಪುರುಷೋತ್ತಮ.

"ಮುಂಗೈ ನೋಡಿ ಸ್ವಾಮಿ," ಎಂದರು ಮಧ್ವೇಶ್. "ಕೂದಲು ಮೊಣಕೈ ಕಡೆ ತಿರುಗಿದೆ. ಚಿಂಪಾಂಜಿಗೆ, ಒರಾಂಗುಟಾನ್‌ಗೆ ಇರೋದು ಹೀಗೇ. ನಾಟಕದ ಬಟ್ಟೆ ಹೊಲಿಯೋ ಯಾವ ಟೈಲರಿಗೆ ಇದು ಗೊತ್ತಿರುತ್ತೆ?"

ಪುರುಷೋತ್ತಮ ನೀರು ಕುಡಿದರು.

ಅಂಗಡಿಯಲ್ಲಿ ಟೀವಿ ನೋಡುತ್ತ ಹೊಲಿಯುತ್ತಿದ್ದ ಸ್ಪಂದನಳ ಬೆರಳಿಗೆ ಸೂಜಿ ಚುಚ್ಚಿತು. "ಚಿಕ್ಕಮ್ಮ, ಅದು ನಮ್ದು! ನಾನು ಹೊಲ್ದಿದ್ದು!"

"ಸುಮ್ನಿರೇ. ಅದರ ಗತ್ತೇನು, ನಡಿಗೆಯೇನು! ನೀನು ಹೊಲಿದಿರೋದೂ ಇದೆ, ಗೋಣಿಚೀಲ."

ಶುಕ್ರವಾರ ರೇವಂತ್ ವೇಷವನ್ನು ಹಿಂದಿರುಗಿಸಿದ. ಮೈತುಂಬ ಉತ್ತರಾಣಿ ಮುಳ್ಳು. "ಬರ್ತ್‌ಡೇ ಚೆನ್ನಾಗಾಯ್ತಾ?" ಎಂದು ಸ್ಪಂದನ ಕೇಳಿದರೆ, "ಸ್ವಲ್ಪ ಜಾಸ್ತೀನೇ ಚೆನ್ನಾಗಾಯ್ತು ಅಕ್ಕ, ನನ್ನ ಹೆಸರು ಮಾತ್ರ ಹೇಳ್ಬೇಡಿ," ಎಂದು ಎರಡೆರಡು ಮೆಟ್ಟಿಲು ಹಾರಿ ಇಳಿದುಹೋದ. ಮುಳ್ಳನ್ನು ತೋರಿಸಿದರೂ ಮಾಲಾ ನಂಬಲಿಲ್ಲ. ಉತ್ತರಾಣಿ ನಮ್ಮ ಖಾಲಿ ಸೈಟಿನಲ್ಲೂ ಬೆಳೆಯುತ್ತೆ ಅಂದಳು.

ಭಾನುವಾರ ವಿಜಯನಗರದ ಸಭಾಂಗಣವೊಂದರಲ್ಲಿ ಇಬ್ಬರು ಪಂಡಿತರ ಮುಖಾಮುಖಿ ಚರ್ಚೆ. "ಆ ಮೇಷ್ಟ್ರು ನನ್ನ ತೋಳು ಒಪ್ಪಿದ್ರೆ ನಾನು ಬಿಚ್ಚಲ್ಲ. ಒಪ್ಪದಿದ್ರೆ ನಾಳೆಯಿಂದ ರಶೀದಿ ಬರಿತೀನಿ," ಎಂದು ಸ್ಪಂದನ ಪಣತೊಟ್ಟಳು. ಮಾಲಾ ತಮಾಷೆ ನೋಡಲು ಹೊರಟಳು. ನೀಲಮ್ಮ ಹೊರಟದ್ದು, ಅಲ್ಲಿ ಉಪ್ಪಿಟ್ಟು ಕೊಡುತ್ತಾರಂತೆ ಎಂದು.

ಚರ್ಚೆ ಕಾವೇರಿದ್ದಾಗ ಸ್ಪಂದನ ವೇದಿಕೆಗೆ ಹೋಗಿ ಚೀಲದಿಂದ ಕಾಡಜ್ಜನನ್ನು ಎಳೆದು ಮೇಜಿನ ಮೇಲೆ ಮಲಗಿಸಿದಳು. "ಸಾರ್, ವಿಡಿಯೋದಲ್ಲಿರೋದು ಇದೇ. ಹೊಲಿದಿದ್ದು ನಾನು."

ಮಧ್ವೇಶ್ ಕನ್ನಡಕ ಸರಿಮಾಡಿಕೊಂಡು ಮುಟ್ಟಿ ನೋಡಿದರು. "ಪರವಾಗಿಲ್ಲ ಮಗು. ಆದ್ರೆ ಇದು ವಿಡಿಯೋ ನೋಡ್ಕೊಂಡು ಮಾಡಿದ ನಕಲು. ಜೀವಕಳೆ ಇಲ್ಲ."

ಪುರುಷೋತ್ತಮರಾದರೂ ಕೈಹಿಡಿದಾರು ಎಂದು ಅವಳು ಅತ್ತ ನೋಡಿದಳು. ಅವರೂ ತಲೆಯಲ್ಲಾಡಿಸಿದರು. "ಮೂರು ದಿನ ನನಗೆ ನೀರು ಕುಡಿಸಿದ ವೇಷ ಇಷ್ಟು ಸಾದಾ ಇರೋಕೆ ಸಾಧ್ಯ ಇಲ್ಲಮ್ಮ. ಅದು ಫಾರಿನ್ ಮಾಲು."

ಜನ್ಮದಲ್ಲಿ ಮೊದಲ ಸಲ ಇಬ್ಬರೂ ಒಂದೇ ಮಾತಿಗೆ ಬಂದದ್ದು ಕಂಡು ಸಭೆ ಚಪ್ಪಾಳೆ ತಟ್ಟಿತು. ಸ್ಪಂದನಳ ಕಣ್ಣೆದುರು ರಶೀದಿ ಪುಸ್ತಕ ಬಿಚ್ಚಿಕೊಂಡಿತು.

"ವಿಡಿಯೋ ನೋಡಿ ಅಲ್ಲಪ್ಪ, ನಾನು ಹೇಳಿ ಹೊಲಿಸಿದ್ದು," ಎಂದಿತು ಮೂರನೆಯ ಸಾಲಿನ ಉಪ್ಪಿಟ್ಟಿನ ತಟ್ಟೆ.

ಮಧ್ವೇಶ್ ನಕ್ಕರು. "ನಿಮಗೆ ಹೇಗೆ ಗೊತ್ತು ಅಜ್ಜಿ?"

ನೀಲಮ್ಮ ತಟ್ಟೆಯನ್ನು ಮಗಳ ಮಡಿಲಿಗಿಟ್ಟು ಎದ್ದು, ಎರಡೂ ಕೈಗಳನ್ನು ತಲೆಯ ಮೇಲೆ ಹೊತ್ತುಕೊಂಡಳು. "ಕಾಡಜ್ಜನಿಗೆ ಸೂರಿಲ್ಲ, ಛತ್ರಿಯಿಲ್ಲ. ಮಳೆ ಬಂದ್ರೆ ಹೀಗೆ ಕೂತ್ಕೋತಾನೆ. ಕೂದಲು ಬೆರಳಿನ ಕಡೆ ತಿರುಗಿದ್ರೆ ನೀರೆಲ್ಲ ತಲೆಗೇ ಬರುತ್ತೆ. ಮೊಣಕೈ ಕಡೆ ತಿರುಗಿದ್ರೆ ಅಲ್ಲಿಂದ ತೊಟ್ಟಿಕ್ಕಿ ಹೋಗುತ್ತೆ. ಇಷ್ಟೇಯ."

ಸಭೆಯಲ್ಲಿ ಒಬ್ಬೊಬ್ಬರೇ ತಲೆಯ ಮೇಲೆ ಕೈ ಹೊತ್ತು ಪರೀಕ್ಷಿಸಿದರು. ಪುರುಷೋತ್ತಮರೂ ಹೊತ್ತರು. ಮಧ್ವೇಶ್ ಕನ್ನಡಕ ತೆಗೆದರು. "ದೊಡ್ಡ ದೊಡ್ಡ ವಿಜ್ಞಾನಿಗಳು ಹೇಳಿರೋದೂ ಇದನ್ನೇ."

ಆಗ ಎದ್ದವಳು ಮಾಲಾ, ಕೈಯಲ್ಲಿ ಅಮ್ಮನ ಉಪ್ಪಿಟ್ಟು. ಅವಳು ಬೆರಳು ಮಡಿಸಿ ಏನನ್ನೋ ಲೆಕ್ಕ ಹಾಕುತ್ತಿದ್ದಳು. "ಸಾರ್, ನಿಮ್ಮ ವಿಡಿಯೋ ಬಂದಿದ್ದು ಗುರುವಾರ. ಶಾಲೆಯವರು ಈ ತೋಳು ಉಲ್ಟಾ ಅಂತ ವಾಪಸ್ ಕೊಟ್ಟಿದ್ದು ಸೋಮವಾರ. ಬಿಚ್ಚೇ ಅಂತ ನಾನು ಬೈದಿದ್ದೂ ಸೋಮವಾರಾನೇ. ನಕಲು ಮಾಡೋಕೆ ಅಸಲು ಎಲ್ಲಿತ್ತು?"

"ವೇಷ! ಮೊದಲಿಂದ ಹೇಳ್ಲಿಲ್ವಾ ನಾನು!" ಎಂದು ಪುರುಷೋತ್ತಮ ಮೇಜು ಕುಟ್ಟಿದರು.

ಮಧ್ವೇಶ್ ಬಗ್ಗಲಿಲ್ಲ. "ವಿಡಿಯೋ ಹಾಳಾಗ್ಲಿ. ಅಜ್ಜಿ, ನಿಮಗೆ ಹೇಳಿದ್ದು ಯಾರು?"

"ನಮ್ಮಜ್ಜಿ."

"ಅವರಿಗೆ?"

"ಅವಳು ಮಳೇಲಿ ನೋಡಿದ್ಲಂತೆ."

"ನೋಡಿದ್ರಂತೆ!" "ಕಥೆ ಕಣ್ರೀ ಅದು!" ಎಂದು ಇಬ್ಬರೂ ಹೊಸದಾಗಿ ಕಿತ್ತಾಡತೊಡಗಿದಾಗ ಅಜ್ಜಿ, ಮಗಳು, ಮೊಮ್ಮಗಳು ಮೂವರೂ ಹೊರಬಂದರು.

ಹೊರಗೆ ಸಣ್ಣಗೆ ಮಳೆ. ಆಟೋ ರಸ್ತೆಯ ಆಚೆ ಬದಿಗಿತ್ತು. ಮಾಲಾ ಅತ್ತಿತ್ತ ನೋಡಿ, ಕಾಡಜ್ಜನ ತೋಳುಗಳೊಳಗೆ ಕೈ ತೂರಿಸಿ, ತಲೆಯ ಮೇಲೆ ಹೊತ್ತು ಓಡಿದಳು. ಆಟೋದೊಳಗೆ ಕೂತು ತನ್ನ ತಲೆ ಮುಟ್ಟಿ ನೋಡಿಕೊಂಡಳು. ಮೊಣಕೈಯಿಂದ ತೊಟ್ಟಿಕ್ಕುತ್ತಿದ್ದ ನೀರನ್ನೂ ನೋಡಿದಳು.

"ಬಿಚ್ಬೇಡ ಬಿಡು," ಎಂದಳು ಸ್ಪಂದನಳಿಗೆ. "ರಶೀದಿ ನಾನೇ ಬರ್ಕೋತೀನಿ."

ನೀಲಮ್ಮ ಮಾತ್ರ ಮುನಿಸಿಕೊಂಡಿದ್ದಳು. ಓಡುವ ಗಡಿಬಿಡಿಯಲ್ಲಿ ಮಗಳು ಉಪ್ಪಿಟ್ಟನ್ನು ಅಲ್ಲೇ ಬಿಟ್ಟುಬಂದಿದ್ದಳು.