ಸಡಿಲವಾದ ಹಲ್ಲುಸೆಟ್ಟು, ಸಿಟ್ಟಾದ ಕಂಚಣ್ಣ

ಹರಾಜು ಕೂಗುವವನಿಗೆ ಬಾಯೇ ಬಂಡವಾಳ. ತರಕಾರಿ ಮಂಡಿಯ ಹಿರಿಯ ಹರಾಜುಗಾರನದು ಕಂಚಿನ ಕಂಠ. ಹಾಗಾಗಿ ಎಲ್ಲರಿಗೂ ಅವನು ಕಂಚಣ್ಣ. ಅಂಥವನು ಒಂದು ಬೆಳಿಗ್ಗೆ ಟೊಮೆಟೊ ಬುಟ್ಟಿಗಳ ಮುಂದೆ ನಿಂತು ಬೆಲೆ ಏರಿಸುತ್ತಿದ್ದಾಗ ಕೆಳಗಿನ ಹಲ್ಲುಸೆಟ್ಟು ಬಾಯಿಂದ ಜಾರಿ ಬುಟ್ಟಿಗೆ ಬಿತ್ತು.

"ಅಣ್ಣಾ, ಇದಕ್ಕೂ ಬೆಲೆ ಕೂಗ್ತೀಯಾ?" ಎಂದ ಒಬ್ಬ ವ್ಯಾಪಾರಿ.

ಮಂಡಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಂಚಣ್ಣ ಸೆಟ್ಟನ್ನು ಜೇಬಿಗೆ ತುರುಕಿಕೊಂಡು, ಹರಾಜನ್ನು ಅರ್ಧಕ್ಕೇ ಬಿಟ್ಟು ಮನೆಗೆ ನಡೆದ. ಅಡುಗೆಮನೆಯ ಮೇಜಿನ ಮೇಲೆ ಅದನ್ನು ಕುಕ್ಕಿದ.

"ಮಂಡಿಯೋರೆಲ್ಲ ನಕ್ಕುಬಿಟ್ರು. ಈ ಪೀಡೆ ಇನ್ಮೇಲೆ ನನ್ನ ಬಾಯಿಗೆ ಬೇಡ. ಕಸಕ್ಕೆ ಹಾಕು!"

"ನಗೋರ ಬಾಯಿಗೆ ಮಣ್ಣು ಬೀಳ!" ಎಂದಳು ಹೆಂಡತಿ. "ಆದ್ರೆ ನಿಮಗಾದ್ರೂ ಬುದ್ಧಿ ಬೇಡ್ವಾ? ಊಟಕ್ಕೆ ಕೂತ್ರೆ ಮುಖ ಕಿವುಚ್ತೀರಿ. ಅಗಿಯೋಕಾಗಲ್ಲ ಅಂತ ಎಲ್ಲಾನೂ ಕುಡಿಯೋ ಹಾಗೆ ಮಾಡಿಸ್ಕೊಳ್ತೀರಿ. ನೋವಿದ್ಯಾ ಅಂದ್ರೆ ಇಲ್ಲ ಅಂತೀರಿ."

"ಹೇಳಿ ಏನ್ ಮಾಡ್ಲಿ? ಹಲ್ಲು ಕಟ್ಟಿಕೊಟ್ಟ ಅಂಗಡಿಯೋನೇ 'ವಯಸ್ಸಾಯ್ತಲ್ಲ, ಹೊಂದ್ಕೊಂಡು ಹೋಗಿ' ಅಂದುಬಿಟ್ಟ."

ಜಗಳದ ಸದ್ದು ಕೇಳಿ ಎದುರು ಮನೆಯ ನರ್ಸ್ ಬಂದಳು. ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ಕೆಲಸ ಮಾಡುವ ಅವಳನ್ನು ಬೀದಿಯವರೆಲ್ಲ ಸಿಸ್ಟರಕ್ಕ ಎನ್ನುತ್ತಿದ್ದರು. ಸೆಟ್ಟನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ನಡುವೆ ಸೀಳು. ಸೀಳಿನ ತುಂಬ ಕಂದು ಬಣ್ಣದ ಗೋಂದು. ಅಂಚೆಲ್ಲ ತರಿತರಿ.

"ಇದೇನು ಕಂಚಣ್ಣ?"

"ಬಿರುಕು ಬಿಟ್ಟಿತ್ತು, ಚಪ್ಪಲಿ ಅಂಟಿಸೋ ಗೋಂದು ಹಚ್ಚಿದೆ. ಚುಚ್ತಾ ಇತ್ತು, ಅರ ತಗೊಂಡು ಉಜ್ಜಿದೆ."

"ಚಪ್ಪಲಿ ಗೋಂದಾ! ಬಾಯಿ ತೆಗೀರಿ ನೋಡೋಣ."

ಮೇಲಿನ ಸೆಟ್ಟನ್ನೂ ತೆಗೆಸಿ ಮೊಬೈಲ್ ಬೆಳಕಿನಲ್ಲಿ ನೋಡಿದಳು. ಅಂಗುಳವೆಲ್ಲ ಕೆಂಪಗೆ ಕೆಂಡವಾಗಿತ್ತು. ಕೆಳಗೆ ವಸಡಿನ ಪಕ್ಕ ಒಂದು ಹುಣ್ಣು.

"ರಾತ್ರಿ ತೆಗೆದಿಡ್ತೀರಾ?"

ಕಂಚಣ್ಣ ತಲೆ ತಗ್ಗಿಸಿದ. "ಬೊಚ್ಚು ಬಾಯಿ ಇವಳ ಕಣ್ಣಿಗೆ ಬೀಳೋದು ಬೇಡ ಅಂತ ಹಾಕ್ಕೊಂಡೇ ಮಲಗ್ತೀನಿ."

"ಅಯ್ಯೋ, ನಿಮ್ಮ ಚಂದಕ್ಕಿಷ್ಟು!" ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮರುಗಳಿಗೆಗೆ ಮತ್ತೆ ಸಿಟ್ಟು. "ನಾನೇನು ನಿಮ್ಮ ಹಲ್ಲು ನೋಡಿ ಸಂಸಾರ ಮಾಡ್ತಿದೀನಾ?"

"ಅತ್ತಿಗೆ, ನಿಮ್ಮದೂ ಕಟ್ಟಿಸಿದ ಹಲ್ಲೇ ಅಲ್ವಾ?" ಎಂದಳು ಸಿಸ್ಟರಕ್ಕ.

"ನಂದು ಮೂರೇ ಹಲ್ಲು. ತಂತಿ ಕೊಕ್ಕೆ ಪಕ್ಕದ ಹಲ್ಲಿಗೆ ಹಾಕಿದೆ. ಸಡಿಲ ಆದಾಗ ಇಕ್ಕಳದಲ್ಲಿ ಒತ್ತಿ ಬಿಗಿ ಮಾಡ್ಕೊಳ್ತೀನಿ, ಅಷ್ಟೇ."

"ಗಂಡ ಅರ ಹಿಡೀತಾನೆ, ಹೆಂಡತಿ ಇಕ್ಕಳ ಹಿಡೀತಾಳೆ. ಇದು ಬಾಯೋ, ವರ್ಕ್‌ಶಾಪೋ?" ಸಿಸ್ಟರಕ್ಕ ನಿಜವಾಗಿಯೂ ರೇಗಿದಳು. "ನಾಳೆ ಇಬ್ರೂ ನನ್ನ ಜೊತೆ ಬರ್ತೀರಿ."

ಕಂಚಣ್ಣ ಗೊಣಗುತ್ತಲೇ ಹೋದ. ಡಾಕ್ಟರಮ್ಮ ದವಡೆಯನ್ನು ಬೆರಳಲ್ಲಿ ಒತ್ತಿ ನೋಡಿದರು.

"ನೀವು ಸೆಟ್ಟು ಹಾಳಾಯ್ತು ಅಂತೀರಿ. ಬದಲಾಗಿರೋದು ಮೊದಲು ನಿಮ್ಮ ದವಡೆ. ಹಲ್ಲು ಹೋದ ಮೇಲೆ ಮೂಳೆ ನಿಧಾನಕ್ಕೆ ಕುಗ್ಗುತ್ತಾ ಹೋಗುತ್ತೆ. ಸೆಟ್ಟು ಮಾತ್ರ ಇದ್ದ ಹಾಗೇ ಇರುತ್ತೆ. ಆಗ ಅದು ಅಲ್ಲಾಡುತ್ತೆ, ಉಜ್ಜುತ್ತೆ, ಹುಣ್ಣಾಗುತ್ತೆ, ಕೊನೆಗೆ ಬಿರುಕೂ ಬಿಡುತ್ತೆ. ಮೊದಲೇ ಬಂದಿದ್ರೆ ಒಳಮೈಗೆ ಹೊಸ ಪದರ ಕೂರಿಸಿ ಸರಿ ಮಾಡ್ಬಹುದಿತ್ತು. ಅರ ಉಜ್ಜಿ ಅದರ ಆಕಾರಾನೇ ಕೆಡಿಸಿದೀರಿ."

"ಮತ್ತೆ ಈ ಕೆಂಪು?"

"ಅದು ಬೂಷ್ಟಿನ ಸೋಂಕು. ಹಗಲೂ ರಾತ್ರಿ ಬಿಡುವಿಲ್ದೆ ಹಾಕ್ಕೊಂಡಿದ್ರೆ ಬರುತ್ತೆ. ಔಷಧಿ ಕೊಡ್ತೀನಿ. ಸೆಟ್ಟು ಹಾಕ್ಬೇಡಿ. ಎರಡು ವಾರದಲ್ಲಿ ಹುಣ್ಣು ಮಾಯದಿದ್ರೆ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ಬೇಕು. ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಆಗ್ಬೇಕಲ್ಲ."

ಕಂಚಣ್ಣ ಕುರ್ಚಿಯಿಂದ ಎದ್ದು ಹೆಂಡತಿಯ ಕೈ ಹಿಡಿದುಕೊಂಡ.

ಹೆಂಡತಿಯ ಸರದಿ ಬಂದಾಗ ನೋಡಿದರೆ, ಕೊಕ್ಕೆ ಸಿಕ್ಕಿಸಿದ್ದ ಹಲ್ಲೇ ಹುಳುಕಾಗಿ ಅಲುಗಾಡುತ್ತಿತ್ತು. ತಂತಿಯ ಬುಡದಲ್ಲಿ ಕೊಳೆ ಕೂತಿತ್ತು, ಇಕ್ಕಳದ ಬಿಗಿತ ಹಲ್ಲನ್ನು ಎಳೆದಿತ್ತು. ಇನ್ನಷ್ಟು ತಡವಾಗಿದ್ದರೆ ಅದೂ ಹೋಗುತ್ತಿತ್ತು. ಡಾಕ್ಟರಮ್ಮ ಹುಳುಕು ತೆಗೆದು ತುಂಬಿದರು, ಕೊಕ್ಕೆಯನ್ನು ಸರಿಯಾಗಿ ಕೂರಿಸಿಕೊಟ್ಟರು.

ಆ ದಿನಗಳು ಮನೆಯಲ್ಲಿ ಭಾರವಾಗಿಯೇ ಕಳೆದವು. ಹೆಂಡತಿ ದಿನಾ ಬೆಳಿಗ್ಗೆ ಗಂಡನ ಬಾಯಿಗೆ ಟಾರ್ಚ್ ಹಿಡಿಯುತ್ತಿದ್ದಳು. ಹುಣ್ಣು ಕಿರಿದಾಯಿತು, ಬೆಳ್ಳಗಾಯಿತು, ಕೊನೆಗೆ ಕಾಣದಾಯಿತು. ಡಾಕ್ಟರಮ್ಮ ನೋಡಿ "ಇನ್ನು ಭಯ ಇಲ್ಲ" ಎಂದಾಗ ಅವಳು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟಳು.

ವಸಡು ಗಟ್ಟಿಯಾದ ಮೇಲೆ ಹೊಸ ಅಳತೆ ತೆಗೆದು ಹೊಸ ಸೆಟ್ಟು ಮಾಡಿದರು. ಮೊದಲು ಒಂದೆರಡು ಕಡೆ ಒತ್ತಿತು. ಕಂಚಣ್ಣ ಅರ ಹುಡುಕಲಿಲ್ಲ, ಆಸ್ಪತ್ರೆಗೇ ಹೋಗಿ ಸರಿ ಮಾಡಿಸಿಕೊಂಡ. ಮುಂದೆ ಕೆಳಗಿನದು ನಿಲ್ಲದೇ ಹೋದರೆ ದವಡೆಯಲ್ಲಿ ಲೋಹದ ಪುಟ್ಟ ಆಧಾರ ಕೂರಿಸಿ ಅದಕ್ಕೆ ಸೆಟ್ಟನ್ನು ಸಿಕ್ಕಿಸುವ ದಾರಿಯೂ ಇದೆ, ಆದರೆ ಎಲ್ಲರ ಮೂಳೆಗೂ ಅದು ಒಗ್ಗುವುದಿಲ್ಲ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು.

ಹೊಸ ಸೆಟ್ಟು ಕೂತ ಮೇಲೆ ಕಂಚಣ್ಣ ನೇರ ಹೋದದ್ದು ಹಳೇ ಸೆಟ್ಟು ಕಟ್ಟಿಕೊಟ್ಟಿದ್ದ ಅಂಗಡಿಗೆ. ಬೆಂಚಿನ ಮೇಲೆ ಜನ ಕಾಯುತ್ತಿದ್ದರು.

"ಏನಯ್ಯಾ, ನೀನು ದಂತವೈದ್ಯಕೀಯ ಓದಿದೀಯಾ?"

"ಮೆಲ್ಲಗೆ ಮಾತಾಡಿ ಯಜಮಾನ್ರೇ..."

"ಯಾಕೆ ಮೆಲ್ಲಗೆ? ದವಡೆ ಕುಗ್ಗುತ್ತೆ ಅಂತ ಹೇಳಲಿಲ್ಲ. ರಾತ್ರಿ ತೆಗೆದಿಡಿ ಅಂತ ಹೇಳಲಿಲ್ಲ. ನೋವು ಅಂತ ಬಂದ್ರೆ ವಯಸ್ಸಾಯ್ತು ಅಂದೆ. ವಯಸ್ಸಾದೋರು ನೋವು ತಿನ್ನೋಕೆ ಹುಟ್ಟಿದೀವಾ? ಹುಣ್ಣು ಬೇರೇನಾದ್ರೂ ಆಗಿದ್ರೆ ಯಾರು ಬರ್ತಿದ್ರು, ನೀನಾ? ಸರ್ಕಾರಿ ಆಸ್ಪತ್ರೆ ಡಾಕ್ಟರಮ್ಮ ನನ್ನ ಬಾಯಿ ಉಳಿಸಿದ್ರು!"

ಬೀದಿಯ ತುದಿಯವರೆಗೂ ಕೇಳಿಸಿತು. ಬೆಂಚಿನಿಂದ ಒಬ್ಬ ಅಜ್ಜಿ ಎದ್ದು, "ಆ ಡಾಕ್ಟರಮ್ಮ ಯಾವ ಕೋಣೇಲಿ ಕೂರ್ತಾರಪ್ಪಾ?" ಎಂದು ಕೇಳಿದಳು. ಅವಳ ಹಿಂದೆಯೇ ಇನ್ನಿಬ್ಬರು ಎದ್ದರು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರೋ ಊಟದ ಮುಂದೆ ಮುಖ ಕಿವುಚುತ್ತಿರಬಹುದು. "ಹೊಂದ್ಕೊಳ್ಳಿ" ಎಂದು ಅವರ ಬಾಯಿ ಮುಚ್ಚಿಸಬೇಡಿ. ಕಟ್ಟಿಸಿದ ಹಲ್ಲನ್ನು ರಾತ್ರಿ ತೆಗೆದು ತಣ್ಣೀರಿನಲ್ಲಿಡಲಿ. ಮೆತ್ತನೆಯ ಬ್ರಷ್ಷು, ಸೋಪಿನ ನೀರಿನಿಂದ ದಿನಾ ತೊಳೆಯಲಿ, ಬಿಸಿನೀರು ಬೇಡ. ಗೋಂದು, ಅರ, ಇಕ್ಕಳ ಹತ್ತಿರವೂ ಸುಳಿಯದಿರಲಿ. ನೋವಿಲ್ಲದಿದ್ದರೂ ವರ್ಷಕ್ಕೊಮ್ಮೆ ಓದಿದ ದಂತವೈದ್ಯರಿಗೆ ತೋರಿಸಿ. ಎರಡು ವಾರ ದಾಟಿದ ಹುಣ್ಣಿದ್ದರೆ ಇವತ್ತೇ ಕರೆದುಕೊಂಡು ಹೋಗಿ. ಬರುವುದಿಲ್ಲ ಎಂದು ಹಟ ಹಿಡಿದರೆ, ಸಿಸ್ಟರಕ್ಕನಂತೆ ನೀವೂ ಸ್ವಲ್ಪ ರೇಗಿ. ಆ ಸಿಟ್ಟು ಒಳ್ಳೆಯದೇ.